25 ಕೋಳಿಮರಿಗೆ ಮನೆಯೊಳಗೇ ಕಾವುಪೆಟ್ಟಿಗೆ: ಕಟ್ಟುವುದು ಹೇಗೆ, ನಡೆಸುವುದು ಹೇಗೆ

ಹೇಂಟೆ ತನ್ನ ಮರಿಗಳಿಗೆ ಕೊಡುವುದು ಬರೀ ಶಾಖವಲ್ಲ. ಚಳಿಯಾದ ಮರಿ ರೆಕ್ಕೆಯಡಿ ನುಗ್ಗುತ್ತದೆ, ಮೈ ಬೆಚ್ಚಗಾದ ಮೇಲೆ ಹೊರಬಂದು ಕೆದಕುತ್ತದೆ, ನೀರು ಕುಡಿಯುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಎಷ್ಟು ಹೊತ್ತು ಒಳಗೆ, ಎಷ್ಟು ಹೊತ್ತು ಹೊರಗೆ ಎನ್ನುವುದು ಮರಿಯ ಇಷ್ಟ. ಮನೆಯಲ್ಲಿ ಬ್ರೂಡರ್, ಅಂದರೆ ಮರಿಗೆ ಕಾವು ಕೊಡುವ ಪೆಟ್ಟಿಗೆ ಕಟ್ಟುವವರು ಮೊದಲು ಗಮನಿಸಬೇಕಾದದ್ದು ಇದನ್ನೇ. ಪೆಟ್ಟಿಗೆಯ ಒಂದು ತುದಿ ಬಿಸಿ ಇರಬೇಕು, ಇನ್ನೊಂದು ತುದಿ ತಂಪಿರಬೇಕು. ರಟ್ಟಿನ ಡಬ್ಬದ ನಟ್ಟನಡುವೆ ಒಂದು ಬಲ್ಬ್ ಇಳಿಬಿಟ್ಟು ಮೇಲೆ ಬಟ್ಟೆ ಮುಚ್ಚಿದರೆ ಮರಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಹಾಗೆ ಸತ್ತ ಮರಿಗಳನ್ನು ನೋಡಿ ‘ರೋಗ ಬಂತು’ ಅನ್ನುವವರೇ ಹೆಚ್ಚು.

ಇಲ್ಲಿ ಹೇಳುವ ಅಳತೆಯೆಲ್ಲ 25 ಮರಿಗೆ. ಗಿರಿರಾಜ, ಸ್ವರ್ಣಧಾರ, ನಾಟಿ, ಯಾವ ತಳಿಯಾದರೂ ಮೊದಲ ಎರಡು ವಾರ ಈ ಪೆಟ್ಟಿಗೆ ಸಾಕು. 50 ಮರಿ ತಂದರೆ ಇದನ್ನೇ ದೊಡ್ಡದು ಮಾಡಬೇಡಿ, ಇಂಥದ್ದೇ ಇನ್ನೊಂದು ಕಟ್ಟಿ. ಒಂದರಲ್ಲಿ ಏನಾದರೂ ಎಡವಟ್ಟಾದರೆ ಅರ್ಧದಷ್ಟಾದರೂ ಮರಿ ಉಳಿಯುತ್ತದೆ.

ಎಲ್ಲಿ ಇಡಬೇಕು

ಗಾಳಿಯಾಡುವ, ಆದರೆ ನೆಲಮಟ್ಟದಲ್ಲಿ ಗಾಳಿ ಬೀಸದ ಕೋಣೆ ಬೇಕು. ಉಗ್ರಾಣ, ಹಿಂಬದಿಯ ಜಗುಲಿಯ ಮುಚ್ಚಿದ ಮೂಲೆ, ಖಾಲಿ ಬಿದ್ದ ಕೋಣೆ ಆಗುತ್ತದೆ. ಅಡುಗೆಮನೆ ಬೇಡ, ಮಲಗುವ ಕೋಣೆಯೂ ಬೇಡ. ಎರಡನೇ ವಾರದಿಂದ ಮರಿಯ ಮೈಯಿಂದ ಉದುರುವ ಹೊಟ್ಟಿನಂಥ ಧೂಳು ಮನೆಯೆಲ್ಲ ಹರಡುತ್ತದೆ. ಮರಿಯ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಇರಬಹುದಾದ್ದರಿಂದ ಮುಟ್ಟಿದವರು ಸೋಪು ಹಚ್ಚಿ ಕೈ ತೊಳೆಯಲೇಬೇಕು. ಮಕ್ಕಳು ಮರಿಗೆ ಮುತ್ತು ಕೊಡದಂತೆ ನೋಡಿಕೊಳ್ಳಿ.

ಸಿಮೆಂಟು ಶೀಟಿನ ಮಾಡಿನ ಕೋಣೆ ಬೇಸಿಗೆಯಲ್ಲಿ ಮಧ್ಯಾಹ್ನ ಕುಲುಮೆಯಾಗುತ್ತದೆ, ನಸುಕಿನಲ್ಲಿ ತಣ್ಣಗಾಗುತ್ತದೆ. ಬೇರೆ ಕೋಣೆ ಇದ್ದರೆ ಅದನ್ನೇ ಆರಿಸಿ.

ಪೆಟ್ಟಿಗೆಯನ್ನು ನೆಲದ ಮೇಲಿಡದೆ ಬೆಂಚಿನ ಮೇಲೋ ನಾಲ್ಕು ಕಾಲಿನ ಗಟ್ಟಿ ಸ್ಟ್ಯಾಂಡಿನ ಮೇಲೋ ಇಡಿ. ಪ್ರತಿ ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲಿಡಿ. ಕೆಂಪಿರುವೆ ಒಂದು ರಾತ್ರಿಯಲ್ಲಿ ಒಂದು ದಿನದ ಮರಿಯ ಕಣ್ಣು, ಗುದದ್ವಾರ ತಿಂದುಹಾಕಬಲ್ಲದು. ಮರಿಗೆ ಓಡಲು ಶಕ್ತಿಯಿಲ್ಲ, ಕಿರುಚಿದ್ದು ನಿಮಗೆ ಕೇಳಿಸುವುದೂ ಇಲ್ಲ. ಬಟ್ಟಲಿನ ನೀರಿಗೆ ಎರಡು ಹನಿ ಎಣ್ಣೆ ಹಾಕಿದರೆ ಸೊಳ್ಳೆ ಮೊಟ್ಟೆ ಇಡುವುದಿಲ್ಲ. ಸ್ಟ್ಯಾಂಡು ಗೋಡೆಗೆ ತಾಗಿರಬಾರದು, ವೈರು ಗೋಡೆಯಿಂದ ಇರುವೆಗೆ ಸೇತುವೆ ಆಗಬಾರದು. ವೈರಿನ ಒಂದು ಗೇಣು ಉದ್ದಕ್ಕೆ ವ್ಯಾಸಲಿನ್ ಸವರಿದರೆ ಆ ದಾರಿಯೂ ಮುಚ್ಚುತ್ತದೆ.

ಪ್ಲೈವುಡ್ ಕತ್ತರಿಸುವ ಲೆಕ್ಕ

8×4 ಅಡಿಯ 9 ಎಂಎಂ ಪ್ಲೈವುಡ್ ಒಂದು ಹಾಳೆ ಸಾಕು. ಮೊದಲು ನಡುವೆ ಕೊಯ್ದು 4×4ರ ಎರಡು ತುಂಡು ಮಾಡಿ. ಒಂದರಲ್ಲಿ ತಳದ ಹಲಗೆ (4×2) ಮತ್ತು ಒಂದು ಉದ್ದದ ಗೋಡೆ (4×1.5) ಬರುತ್ತದೆ, ಅರ್ಧ ಅಡಿಯ ಪಟ್ಟಿ ಉಳಿಯುತ್ತದೆ. ಇನ್ನೊಂದರಲ್ಲಿ ಎರಡನೇ ಉದ್ದದ ಗೋಡೆ (4×1.5) ತೆಗೆದು, ಮತ್ತೊಂದು 4×1.5ರ ಪಟ್ಟಿಯನ್ನು ನಡುವೆ ಕತ್ತರಿಸಿದರೆ ಎರಡು ಗಿಡ್ಡ ಗೋಡೆ (2×1.5) ಸಿಗುತ್ತದೆ. ಕೊನೆಗೆ ಉಳಿಯುವ 4×1ರ ತುಂಡನ್ನು ಎಸೆಯಬೇಡಿ, ನೀರಿನ ಡಬ್ಬಿಗೆ ಪೀಠ ಮಾಡಲು ಬೇಕು.

ಒಂದು ಸಣ್ಣ ವಿಷಯ, ಬಡಗಿಯಲ್ಲದವರು ಇಲ್ಲೇ ತಪ್ಪುತ್ತಾರೆ. ಗಿಡ್ಡ ಗೋಡೆಗಳು ಉದ್ದದ ಗೋಡೆಗಳ ಒಳಗೆ ಕೂರಬೇಕು. ಹಾಗಾಗಿ ಅವುಗಳ ಅಗಲ 2 ಅಡಿ ಪೂರ್ತಿ ಇರಬಾರದು, ಎರಡು ಹಲಗೆಯ ದಪ್ಪದಷ್ಟು ಅಂದರೆ 18 ಎಂಎಂ ಕಡಿಮೆ ಇರಬೇಕು. ಇಲ್ಲದಿದ್ದರೆ ಉದ್ದದ ಗೋಡೆ ತಳದಿಂದ ಹೊರಗೆ ಚಾಚಿಕೊಂಡು ಸಂದು ಬೀಳುತ್ತದೆ, ಆ ಸಂದಿಯಲ್ಲಿ ಮರಿಯ ಕಾಲು ಸಿಗುತ್ತದೆ.

9 ಎಂಎಂ ಹಲಗೆಯ ಅಂಚಿಗೆ ಸ್ಕ್ರೂ ಹೊಡೆದರೆ ಪದರ ಬಿಡುತ್ತದೆ. ಅದಕ್ಕೆ ನಾಲ್ಕೂ ಮೂಲೆಯ ಒಳಗೆ ಮತ್ತು ತಳದ ಸುತ್ತ 1×1 ಇಂಚಿನ ರೀಪರ್ (ಸಪೂರ ಮರದ ಪಟ್ಟಿ) ಇಟ್ಟು, ಹೊರಗಿನಿಂದ 1 ಇಂಚಿನ ಸ್ಕ್ರೂ ಕೂರಿಸಿ, ಆರು ಇಂಚಿಗೊಂದರಂತೆ. ಮೇಲ್ಮುಚ್ಚಳದ ಚೌಕಟ್ಟನ್ನೂ ಸೇರಿಸಿದರೆ ಒಟ್ಟು 40 ಅಡಿ ರೀಪರ್ ಬೇಕಾಗುತ್ತದೆ.

ಮೂಲೆಗಳನ್ನು ಹಾಗೇ ಬಿಡಬೇಡಿ. ಬೆದರಿದ ಅಥವಾ ಚಳಿಯಾದ ಮರಿಗಳು ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಹತ್ತುತ್ತವೆ, ಅಡಿಗೆ ಸಿಕ್ಕವು ಉಸಿರುಕಟ್ಟಿ ಸಾಯುತ್ತವೆ. ಒಂದು ಅಡಿ ಅಗಲದ ರಟ್ಟನ್ನು ಬಾಗಿಸಿ ಪ್ರತಿ ಮೂಲೆಗೂ ಕಮಾನಿನಂತೆ ಮೊಳೆ ಹೊಡೆದು ಕೂರಿಸಿ. ರಟ್ಟಿನ ಬುಡದಲ್ಲಿ ಸಂದು ಇಲ್ಲದಂತೆ, ಹಾಸಲು ತಂದ ಭತ್ತದ ಹೊಟ್ಟು ಒತ್ತಿ.

ಗೋಡೆಗೆ ತೂತು ಕೊರೆಯುವುದು ಬೇಡ. ಹೊಸಗಾಳಿ ಮೇಲಿನ ಜಾಲರಿಯಿಂದ ಬರುತ್ತದೆ. ಮರಿಯ ಮಟ್ಟದಲ್ಲಿ ತೂತಿದ್ದರೆ ಮರಿಗೆ ನೇರ ಗಾಳಿ ತಾಗುತ್ತದೆ.

ಮೇಲ್ಮುಚ್ಚಳ ಎರಡು ಭಾಗದಲ್ಲಿರಲಿ. ಎರಡೂ 2×2 ಅಡಿಯ ರೀಪರ್ ಚೌಕಟ್ಟು. ಇಲಿ ನುಸುಳದಂತೆ ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿಜಾಲರಿ) ಹೊಡೆಯಿರಿ. ಷಟ್ಕೋನದ ಕೋಳಿಜಾಲರಿ ಅಗ್ಗ, ಆದರೆ ಅದರ ಕಣ್ಣಿನಲ್ಲಿ ಚಿಕ್ಕ ಇಲಿ ತೂರುತ್ತದೆ, ಬೆಕ್ಕು ಪಂಜ ಇಳಿಸುತ್ತದೆ. ಬಿಸಿ ತುದಿಯ ಚೌಕಟ್ಟನ್ನು ಸ್ಕ್ರೂ ಹಾಕಿ ಬಿಗಿಯಿರಿ. ತಂಪು ತುದಿಯದಕ್ಕೆ ಎರಡು ಹಿಂಜ್, ಒಂದು ಚಿಲಕ. ದಿನಕ್ಕೆ ಹತ್ತು ಸಲ ತೆಗೆಯುವುದು ಇದನ್ನೇ. ಮರಿಗೆ ಕೈ ಮೇಲಿನಿಂದ ಬಂದರೆ ಹದ್ದು ಬಂದಂತೆ. ಬಾಗಿಲು ತಂಪು ಕಡೆ ಇದ್ದರೆ ಬಿಸಿ ಕಡೆ ಮಲಗಿದ ಮರಿಗಳು ಬೆದರುವುದಿಲ್ಲ.

ಬಲ್ಬು, ವೈರು, ಹೋಲ್ಡರು

ಎಲ್‌ಇಡಿ ಬಲ್ಬಿನಿಂದ ಕಾವು ಸಿಗುವುದಿಲ್ಲ. ಬೇಕಾದದ್ದು ಫಿಲಮೆಂಟಿನ ಹಳದಿ ಬಲ್ಬು. 25 ಮರಿಗೆ 60 ವ್ಯಾಟಿನ ಎರಡು ಬಲ್ಬು ಮೈದಾನ ಪ್ರದೇಶದ ಕೋಣೆಯೊಳಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಮಡಿಕೇರಿ, ಸಕಲೇಶಪುರ, ಆಗುಂಬೆ ಕಡೆಯ ಮಳೆಗಾಲಕ್ಕೆ 100 ವ್ಯಾಟಿನ ಎರಡು ಬೇಕಾಗಬಹುದು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್–ಮೇನಲ್ಲಿ ಹಗಲು ಬಲ್ಬು ಪೂರ್ತಿ ಆರಿಸಬೇಕಾಗುತ್ತದೆ. ಅಲ್ಲಿ ಮಧ್ಯಾಹ್ನದ ಬಿಸಿಲೇ 40 ಡಿಗ್ರಿ ದಾಟುವಾಗ ನಿಮ್ಮ ಕೆಲಸ ಕಾವು ಕೊಡುವುದಲ್ಲ, ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ ಕೋಣೆ ತಣ್ಣಗಿಡುವುದು.

120 ವ್ಯಾಟಿನ ಒಂದೇ ಬಲ್ಬಿನಂಥದ್ದನ್ನು ಹಾಕದೆ 60ರ ಎರಡು ಹಾಕಲು ಕಾರಣವಿದೆ. ನಸುಕಿನ ಮೂರು ಗಂಟೆಗೆ ಒಂದು ಸುಟ್ಟುಹೋದರೂ ಇನ್ನೊಂದರ ಅಡಿ ಮರಿಗಳು ಬೆಳಗಿನವರೆಗೆ ಜೀವ ಹಿಡಿದುಕೊಳ್ಳುತ್ತವೆ. ಅದಕ್ಕೇ ಎರಡಕ್ಕೂ ಬೇರೆ ಬೇರೆ ಸ್ವಿಚ್ ಇಡಿ, ಪ್ಯಾರಲಲ್ ಆಗಿ, ಅಂದರೆ ಪ್ರತಿ ಬಲ್ಬಿಗೂ ಬೇರೆ ದಾರಿಯಲ್ಲಿ ಕರೆಂಟು ಬರುವಂತೆ ಜೋಡಿಸಿ. ಸೀರೀಸ್‌ನಲ್ಲಿ, ಒಂದರ ಮೂಲಕ ಇನ್ನೊಂದಕ್ಕೆ ಹೋಗುವಂತೆ ಜೋಡಿಸಿದರೆ ಒಂದು ಹೋದಾಗ ಎರಡೂ ಹೋಗುತ್ತದೆ, ಉರಿಯುವಾಗಲೂ ಎರಡೂ ಮಂಕಾಗಿ ಕಾವು ಸಾಲುವುದಿಲ್ಲ.

ಹೋಲ್ಡರು ಪಿಂಗಾಣಿಯದೇ ಆಗಬೇಕು. ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಬಲ್ಬು ದಿನವಿಡೀ, ವಾರಗಟ್ಟಲೆ ಉರಿದರೆ ಅದು ಮೆತ್ತಗಾಗಿ, ಕೊನೆಗೆ ಬಿರಿದು ಬಲ್ಬು ಉದುರುತ್ತದೆ. ಕೆಳಗಿರುವುದು ಒಣ ಹೊಟ್ಟು. ಮನೆಯಲ್ಲಿ ಬ್ರೂಡರಿನಿಂದ ಬೆಂಕಿ ಹತ್ತುವ ದಾರಿಗಳಲ್ಲಿ ಇದು ಮುಖ್ಯವಾದದ್ದು. ಇನ್ನೊಂದು ದಾರಿ, ಬಲ್ಬನ್ನು ವೈರಿನಲ್ಲೇ ನೇತುಹಾಕುವುದು. ಭಾರ ವೈರಿನ ಮೇಲೆ ಬೀಳಬಾರದು. ಪೆಟ್ಟಿಗೆಯ ಮೇಲಂಚಿಗೆ, ಬಿಸಿ ತುದಿಯಿಂದ ಒಂದು ಅಡಿ ಒಳಗೆ, ಅಡ್ಡಲಾಗಿ ಒಂದು ರೀಪರ್ ಕೂರಿಸಿ. ಎರಡು ಹೋಲ್ಡರನ್ನೂ ಒಂದಕ್ಕೊಂದು ಹತ್ತು ಇಂಚು ದೂರದಲ್ಲಿ ದಪ್ಪ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯಲ್ಲಿ ಆ ರೀಪರಿಗೆ ಬಿಗಿಯಿರಿ. ಮೇಲಾಗಿ ಒಂದು ಸಣ್ಣ ಸರಪಳಿಯನ್ನೂ ಸಿಕ್ಕಿಸಿ. ತಂತಿ ಜಾರಿದರೂ ಸರಪಳಿ ಹಿಡಿಯುತ್ತದೆ. ಬಲ್ಬಿನ ಸುತ್ತ ಅರ್ಧ ಇಂಚಿನ ಮೆಶ್ಶಿನದೇ ಒಂದು ಗೂಡು ಸುತ್ತಿ, ಗಾಜಿಗೆ ಎರಡು ಇಂಚು ದೂರವಿರಲಿ. ಎರಡನೇ ವಾರದಲ್ಲಿ ಮರಿಗಳು ಹಾರಲು ಶುರುಮಾಡಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಬಲ್ಬಿನ ತುದಿ ಹೊಟ್ಟಿನಿಂದ ಸುಮಾರು 10 ಇಂಚು ಮೇಲೆ ಬರುತ್ತದೆ. ಈ ಎತ್ತರವನ್ನು ದಿನಾ ಏರಿಸಿ ಇಳಿಸುವುದು ಬೇಡ. ಕಾವು ಹೆಚ್ಚಾದರೆ 60 ತೆಗೆದು 40 ಹಾಕಿ, ಕಡಿಮೆಯಾದರೆ ಒಂದನ್ನು 100 ಮಾಡಿ. ಇನ್ನೂ ನಯವಾಗಿ ಹೊಂದಿಸಬೇಕೆಂದರೆ ಫಿಲಮೆಂಟ್ ಬಲ್ಬಿಗೆ ಹೊಂದುವ ಡಿಮ್ಮರ್ ಒಂದನ್ನು ಸ್ವಿಚ್ ಬೋರ್ಡಿಗೆ ಹಾಕಿಸಿ. 250 ವ್ಯಾಟಿನ ಕೆಂಪು ಇನ್ಫ್ರಾರೆಡ್ ಬಲ್ಬು ಈ ಪೆಟ್ಟಿಗೆಗೆ ದೊಡ್ಡದಾಯಿತು. ಅದಕ್ಕೆ ಹೊಟ್ಟಿನಿಂದ ಒಂದೂವರೆ ಅಡಿಯಾದರೂ ಅಂತರ ಬೇಕು, ಇಲ್ಲಿ ಅಷ್ಟು ಜಾಗವೇ ಇಲ್ಲ.

ಕಾವು ಮೇಲಕ್ಕೆ ಹೋಗಿ ಜಾಲರಿಯಲ್ಲಿ ಸೋರುತ್ತದೆ. ಬಿಸಿ ತುದಿಯ ಜಾಲರಿಯ ಮೇಲೆ 2×1.5 ಅಡಿಯ ತಗಡು ಇಟ್ಟರೆ ಅದು ಕಾವನ್ನು ಕೆಳಕ್ಕೇ ತಳ್ಳುತ್ತದೆ, ಉಳಿದ ಕಡೆ ಗಾಳಿ ಆಡುತ್ತದೆ. ತಗಡಿಗೆ ವೈರಾಗಲಿ ಹೋಲ್ಡರಾಗಲಿ ತಾಗಿರಬಾರದು. ಗೋಣಿ, ಹಳೆ ಸೀರೆ, ಥರ್ಮೋಕೋಲು ಯಾವುದನ್ನೂ ಉರಿಯುವ ಬಲ್ಬಿನ ಮೇಲೆ ಹೊದಿಸಬೇಡಿ.

ವಿದ್ಯುತ್ ಕೆಲಸ ಬಾರದವರು ಇದನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಅರ್ಧ ಗಂಟೆಯ ಕೆಲಸ. ಟೇಪು ಸುತ್ತಿದ ಜೋಡಣೆ ಪೆಟ್ಟಿಗೆಯ ಒಳಗಿರಕೂಡದು. ಎರಡು ಬಲ್ಬೂ ದಿನವಿಡೀ ಉರಿದರೆ ದಿನಕ್ಕೆ ಮೂರು ಯೂನಿಟ್‌ಗಿಂತ ತುಸು ಕಡಿಮೆ ಖರ್ಚಾಗುತ್ತದೆ.

ಥರ್ಮೋಸ್ಟಾಟ್ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಹಾಕಬಹುದು, ಆದರೆ ಬಲ್ಬಿಗೆ ಹಾಕಿದರೆ ಅದು ಆರಿದಾಗಲೆಲ್ಲ ಪೆಟ್ಟಿಗೆ ಕತ್ತಲಾಗಿ ಮರಿಗಳು ಗಾಬರಿಯಿಂದ ಗುಂಪುಗೂಡುತ್ತವೆ. ಹಾಕುವುದಾದರೆ ಒಂದು ಬಲ್ಬು ಸದಾ ಉರಿಯಲಿ, ಎರಡನೆಯದು ಮಾತ್ರ ಥರ್ಮೋಸ್ಟಾಟಿನ ಹಿಡಿತದಲ್ಲಿರಲಿ. 33ಕ್ಕೆ ಹೊತ್ತಿಕೊಂಡು 35ಕ್ಕೆ ಆರುವಂತೆ ಇಡಿ. ಸೆನ್ಸರನ್ನು ಬಲ್ಬಿನ ನೇರ ಅಡಿಗೆ ನೇತುಹಾಕಿದರೆ ಅದು ಸುಳ್ಳು ಓದುತ್ತದೆ.

ಹಾಸು

ಮರಿ ಬರುವ ಎರಡು ದಿನ ಮೊದಲೇ ಭತ್ತದ ಹೊಟ್ಟನ್ನು ಬಿಸಿಲಿಗೆ ಹರಡಿ ಚೆನ್ನಾಗಿ ಒಣಗಿಸಿ, ಎರಡು ಇಂಚು ದಪ್ಪ ಹಾಸಿ. ಮೂಟೆಯಿಂದ ಸುರಿದಾಗ ಬೂಷ್ಟಿನ ವಾಸನೆ ಬಂದರೆ ಆ ಮೂಟೆ ಬಳಸಬೇಡಿ. ಬೂಷ್ಟು ಮರಿಯ ಶ್ವಾಸಕೋಶಕ್ಕೆ ಹೋದರೆ ಬಾಯಿ ತೆರೆದು ಏದುಸಿರು ಬಿಡುತ್ತಾ ಸಾಯುತ್ತವೆ, ಅದಕ್ಕೆ ಔಷಧಿ ಕೆಲಸ ಮಾಡುವುದಿಲ್ಲ. ನೆಲಗಡಲೆ ಸಿಪ್ಪೆಗೆ ಬೂಷ್ಟು ಬೇಗ ಹಿಡಿಯುತ್ತದೆ. ಮಿಲ್ಲಿನ ನುಣ್ಣನೆ ಮರದ ಪುಡಿಯೂ ಮೊದಲ ವಾರಕ್ಕೆ ಬೇಡ, ಮರಿ ಅದನ್ನೇ ಮೇವೆಂದು ಹೆಕ್ಕಿ ನುಂಗುತ್ತದೆ.

ಮೊದಲ ಮೂರು ದಿನ ಹೊಟ್ಟಿನ ಮೇಲೆ ಹಳೆಯ ಹತ್ತಿಬಟ್ಟೆಯನ್ನೋ, ಒಳಭಾಗದ ಏರುತಗ್ಗು ಮೇಲೆ ಬರುವಂತೆ ಸುಲಿದ ಸುಕ್ಕು ರಟ್ಟನ್ನೋ ಹಾಸಿ. ನುಣುಪಾದ ನ್ಯೂಸ್ ಪೇಪರನ್ನು ಎಲ್ಲರೂ ಹಾಸುತ್ತಾರೆ, ಆದರೆ ಅದರ ಮೇಲೆ ಮರಿಯ ಕಾಲು ಹೊರಕ್ಕೆ ಜಾರುತ್ತದೆ. ಎರಡೇ ದಿನದಲ್ಲಿ ಕೆಲವು ಮರಿಗಳ ಕಾಲು ಕವಲಾಗಿ ಅವು ನಿಲ್ಲಲಾರವು. ಪೇಪರೇ ಹಾಸಬೇಕೆಂದಿದ್ದರೆ ಉಂಡೆ ಮಾಡಿ ಹಿಸುಕಿ, ಮತ್ತೆ ಬಿಡಿಸಿ ಹಾಸಿ. ಕಾಲು ಕವಲಾದ ಮರಿಗೆ ಬ್ಯಾಂಡೇಜ್ ಪಟ್ಟಿಯ ತೆಳು ಎಳೆಯಲ್ಲಿ ಎರಡೂ ಕಾಲನ್ನು ನಿಲ್ಲುವ ಸಹಜ ಅಂತರಕ್ಕೆ ಸೇರಿಸಿ ಕಟ್ಟಿ, ಮೂರು ದಿನ ಬಿಡಿ. ಬೇಗ ಕಂಡುಹಿಡಿದರೆ ಹೆಚ್ಚಿನವು ಸರಿಯಾಗುತ್ತವೆ.

ಮರಿ ಬರುವ ಹಿಂದಿನ ದಿನ

ಪೆಟ್ಟಿಗೆಗೆ ಬಲ್ಬು ಹೊತ್ತಿಸಿ 24 ಗಂಟೆ ಖಾಲಿ ಓಡಿಸಿ. ಇದನ್ನು ಬಿಟ್ಟುಬಿಡುವವರು ಬಹಳ. ಹೊಟ್ಟು, ಹಲಗೆ ತಣ್ಣಗಿದ್ದರೆ ಮೇಲಿನ ಗಾಳಿ 34 ಡಿಗ್ರಿ ತೋರಿಸಿದರೂ ಮರಿಯ ಪಾದ, ಹೊಟ್ಟೆ ತಣ್ಣಗಾಗುತ್ತದೆ. ಥರ್ಮಾಮೀಟರನ್ನು ಬೆಳಕಿನ ವೃತ್ತದ ಅಂಚಿನಲ್ಲಿ, ಹೊಟ್ಟಿನಿಂದ ಎರಡು ಇಂಚು ಮೇಲೆ, ಅಂದರೆ ಮರಿಯ ಬೆನ್ನಿನ ಮಟ್ಟದಲ್ಲಿ ಇಡಿ. ಅಲ್ಲಿ 33ರಿಂದ 35 ಡಿಗ್ರಿ ಬರಬೇಕು. ತಂಪು ತುದಿಯಲ್ಲಿ ಅದಕ್ಕಿಂತ ಐದಾರು ಡಿಗ್ರಿ ಕಡಿಮೆ ಇರಬೇಕು. ಎರಡೂ ತುದಿ ಒಂದೇ ಆಗಿದ್ದರೆ ಪೆಟ್ಟಿಗೆ ಸರಿಯಿಲ್ಲ. ತಗಡನ್ನು ಸ್ವಲ್ಪ ಬಿಸಿ ಕಡೆಗೆ ಸರಿಸಿ ನೋಡಿ, ಇಲ್ಲವೇ ವ್ಯಾಟ್ ಇಳಿಸಿ. ಈ ಓದುವಿಕೆಯನ್ನು ಮಧ್ಯಾಹ್ನ ಒಮ್ಮೆ, ನಸುಕಿನ ನಾಲ್ಕಕ್ಕೆ ಒಮ್ಮೆ ಮಾಡಿ. ಕೋಣೆ ಎಲ್ಲಕ್ಕಿಂತ ತಣ್ಣಗಿರುವುದು ಆ ಹೊತ್ತಿಗೆ.

ಮೊದಲ ದಿನ

ಮೊಟ್ಟೆಯೊಡೆದ ಮರಿಯ ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆ ಎರಡು ದಿನಕ್ಕೆ ಆಧಾರ. ಬಸ್ಸಿನಲ್ಲಿ ಒಂದು ಹಗಲು ಬಂದ ಮರಿ ಹಸಿವಿನಿಂದ ಸಾಯುವುದಿಲ್ಲ, ಬಾಯಾರಿಕೆಯಿಂದ ಬಸವಳಿದಿರುತ್ತದೆ. ಅದಕ್ಕೇ ಮೊದಲು ನೀರು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬೆಲ್ಲದ ಪುಡಿ ಕರಗಿಸಿ, ಉಗುರುಬೆಚ್ಚಗೆ ಕೊಡಿ. ಪ್ರತಿ ಮರಿಯನ್ನೂ ಎಣಿಸುತ್ತಾ ಕೈಗೆತ್ತಿಕೊಂಡು, ಕೊಕ್ಕಿನ ತುದಿಯನ್ನು ನೀರಿಗೆ ಒಮ್ಮೆ ತಾಗಿಸಿ. ಮೂಗಿನ ಹೊಳ್ಳೆ ಮುಳುಗಬಾರದು. ಮರಿ ತಲೆಯೆತ್ತಿ ಗುಟುಕರಿಸಿದರೆ ಕಲಿತಿತು ಎಂದರ್ಥ. ಬೆಲ್ಲದ ನೀರು ನಾಲ್ಕೈದು ಗಂಟೆ ಸಾಕು. ಆಮೇಲೆ ಡಬ್ಬಿ ತೊಳೆದು ಬರೀ ನೀರು ಇಡಿ, ಇಲ್ಲದಿದ್ದರೆ ಅದು ಹುಳಿಯುತ್ತದೆ, ಇರುವೆ ಕರೆಯುತ್ತದೆ, ಹಿಕ್ಕೆ ಅಂಟಂಟಾಗುತ್ತದೆ.

ಎರಡು ಗಂಟೆ ಕಳೆದ ಮೇಲೆ ಮೇವು. ಸಣ್ಣಗೆ ಒಡೆದ ಮೆಕ್ಕೆಜೋಳದ ನುಚ್ಚನ್ನು ಬಟ್ಟೆಯ ಮೇಲೆ ಚೆಲ್ಲಿ, ಬೆರಳ ತುದಿಯಿಂದ ಟಕ್ ಟಕ್ ಎಂದು ಕುಕ್ಕಿ ತೋರಿಸಿ. ಹೇಂಟೆ ಕೊಕ್ಕಿನಿಂದ ಮಾಡುವುದು ಇದನ್ನೇ, ಮರಿಗಳು ಓಡಿಬರುತ್ತವೆ. ಮಾರನೆಯ ದಿನದಿಂದ ಚಿಕ್ ಸ್ಟಾರ್ಟರ್ (ಎಳೆ ಮರಿಗಳ ಸಿದ್ಧ ಮೇವು) ಕೊಡಿ. 20 ಶೇಕಡಾಕ್ಕೆ ಕಡಿಮೆಯಿಲ್ಲದಂತೆ ಪ್ರೋಟೀನ್ ಇರುವ ಚೀಲ ನೋಡಿ ಕೊಳ್ಳಿ. ಬರೀ ನುಚ್ಚಕ್ಕಿ, ರಾಗಿ ಹಾಕಿ ಬೆಳೆಸಿದ ಮರಿ ಬದುಕಬಹುದು, ಆದರೆ ರೆಕ್ಕೆ ಬಾರದೆ ಹಿಂದೆ ಬಿದ್ದು ಕಾವಿನ ಅವಧಿಯೇ ಎರಡು ವಾರ ಹೆಚ್ಚಾಗುತ್ತದೆ. ಮೊದಲ ವಾರ 25 ಮರಿಗೆ ದಿನಕ್ಕೆ ಕಾಲು ಕಿಲೋ ಆಸುಪಾಸು ಹಿಡಿಯುತ್ತದೆ, ನೀರು ಅದರ ಎರಡರಷ್ಟು.

ರಾತ್ರಿ ಒಂಬತ್ತಕ್ಕೆ ನಾಲ್ಕೈದು ಮರಿ ಹಿಡಿದು ಕತ್ತಿನ ಬುಡದ ಮೇವಿನ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಿ. ಮೆತ್ತಗೆ ತುಂಬಿದ್ದರೆ ಮೇವು, ನೀರು ಎರಡೂ ಹೋಗಿದೆ. ಗಟ್ಟಿ ಕಾಳುಕಾಳಾಗಿದ್ದರೆ ನೀರು ಕುಡಿದಿಲ್ಲ. ಖಾಲಿಯಿದ್ದರೆ ಆ ಮರಿಗೆ ಮತ್ತೊಮ್ಮೆ ಕೊಕ್ಕು ತಾಗಿಸಿ ತೋರಿಸಬೇಕು.

ನೀರಿನ ಡಬ್ಬಿ ಒಂದು ಲೀಟರಿನದು, ತಟ್ಟೆಯಲ್ಲಿ ಮೊದಲ ವಾರ ಗೋಲಿಯೋ ತೊಳೆದ ಬೆಣಚುಕಲ್ಲೋ ಹಾಕಿಡಿ. ಇಲ್ಲದಿದ್ದರೆ ನಿದ್ದೆಗಣ್ಣಲ್ಲಿ ಮರಿ ನೀರಿಗೆ ಬಿದ್ದು ನೆನೆಯುತ್ತದೆ, ನೆಂದ ಮರಿ ಬಲ್ಬಿದ್ದರೂ ಉಳಿಯುವುದು ಕಷ್ಟ. ಡಬ್ಬಿ ಮತ್ತು ಮೇವಿನ ತಟ್ಟೆ ಎರಡನ್ನೂ ಪೆಟ್ಟಿಗೆಯ ನಡುಭಾಗದಿಂದ ತಂಪು ತುದಿಯ ಕಡೆಗೆ ಇಡಿ. ಬಲ್ಬಿನಡಿ ಇಟ್ಟರೆ ನೀರು ಬಿಸಿಯಾಗುತ್ತದೆ, ಮರಿ ಬಿಸಿನೀರು ಮುಟ್ಟುವುದಿಲ್ಲ. ಮೂರನೇ ದಿನದಿಂದ ಉಳಿದ ಪ್ಲೈ ತುಂಡಿನ ಪೀಠದ ಮೇಲೆ ಡಬ್ಬಿ ಏರಿಸಿ. ತಟ್ಟೆಯ ಅಂಚು ಯಾವಾಗಲೂ ಮರಿಯ ಬೆನ್ನಿನ ಮಟ್ಟಕ್ಕಿರಲಿ. ಆಗ ಹೊಟ್ಟು ಕೆದಕಿ ನೀರಿಗೆ ಬೀಳಿಸುವುದು ಕಡಿಮೆಯಾಗುತ್ತದೆ.

ಮರಿಯನ್ನು ಓದುವುದು

ಥರ್ಮಾಮೀಟರಿಗಿಂತ ಮರಿ ಹೇಳುವುದೇ ಸತ್ಯ. ಬಲ್ಬಿನಡಿ ಒತ್ತಿಕೊಂಡು ಚುರುಕಾಗಿ, ಬಿಡದೆ ಕೂಗುತ್ತಿದ್ದರೆ ಚಳಿ. ದೂರದ ಗೋಡೆಗಂಟಿ, ರೆಕ್ಕೆ ಇಳಿಬಿಟ್ಟು, ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕದ ಗೋಡೆಗೆ ಸೇರಿದ್ದರೆ ಎದುರು ಪಕ್ಕದಿಂದ ಗಾಳಿ ಬೀಸುತ್ತಿದೆ, ಒದ್ದೆ ಅಂಗೈ ಹಿಡಿದು ನೋಡಿದರೆ ಎಲ್ಲಿಂದ ಎಂದು ಗೊತ್ತಾಗುತ್ತದೆ. ಕೆಲವು ಮೇಯುತ್ತಾ, ಕೆಲವು ಬೆಳಕಿನ ಅಂಚಿನಲ್ಲಿ ಕತ್ತು ಚಾಚಿ ಮಲಗಿ, ನಡುನಡುವೆ ಸಣ್ಣ ದನಿ ಮಾಡುತ್ತಿದ್ದರೆ ಏನನ್ನೂ ಮುಟ್ಟಬೇಡಿ. ಕತ್ತು ಚಾಚಿ ಬಿದ್ದ ಮರಿ ಕಂಡು ಸತ್ತಿತೆಂದು ಗಾಬರಿಯಾಗುವವರಿದ್ದಾರೆ, ಅದು ಸುಖನಿದ್ದೆ.

ಎರಡನೇ ವಾರ 30–32, ಮೂರನೇ ವಾರ 27–29, ನಾಲ್ಕನೇ ವಾರ 24–26 ಡಿಗ್ರಿಗೆ ಇಳಿಸುತ್ತಾ ಬನ್ನಿ. ಕೋಣೆಯೇ ಅಷ್ಟು ಬೆಚ್ಚಗಿದ್ದರೆ ಹಗಲು ಬಲ್ಬು ಬೇಡ, ರಾತ್ರಿಗೆ ಮಾತ್ರ ಹೊತ್ತಿಸಿ.

ಕರೆಂಟು ಹೋದಾಗ

ಇನ್ವರ್ಟರ್ ಇದ್ದು ಬ್ಯಾಟರಿ ಚೆನ್ನಾಗಿದ್ದರೆ, ಬೇರೆ ಲೋಡ್ ತೆಗೆದು ಈ ಎರಡು ಬಲ್ಬಿಗೆ ಮಾತ್ರ ಬಿಟ್ಟರೆ ರಾತ್ರಿ ಕಳೆಯುತ್ತದೆ. ಇಲ್ಲದ ಮನೆಯಲ್ಲಿ ಒಂದು ಲೀಟರಿನ ಮೂರು ಸ್ಟೀಲ್ ಬಾಟಲಿ ಸಿದ್ಧವಿಡಿ. ಕುದಿನೀರು ತುಂಬಿ, ಮುಚ್ಚಳ ಬಿಗಿದು ತಲೆಕೆಳಗು ಮಾಡಿ ಸೋರುವುದಿಲ್ಲವೆಂದು ನೋಡಿ, ಹಳೆ ಟವೆಲನ್ನು ಎರಡು ಸುತ್ತು ಸುತ್ತಿ ಬಿಸಿ ತುದಿಯಲ್ಲಿ ಮಲಗಿಸಿ. ಮರಿಗಳು ಅದಕ್ಕೆ ಒರಗಿಕೊಳ್ಳುತ್ತವೆ. ಎರಡು ಗಂಟೆಗೊಮ್ಮೆ ನೀರು ಬದಲಿಸಿ. ಕುದಿನೀರಿಗೆ ಪ್ಲಾಸ್ಟಿಕ್ ಬಾಟಲಿ ಮುದುಡಿ ಸೋರುತ್ತದೆ.

ಈಗ ಜಾಲರಿಯ ಮೇಲೆ ಗೋಣಿತಟ್ಟು ಹೊದಿಸಬಹುದು, ತಂಪು ತುದಿಯಲ್ಲಿ ಒಂದು ಗೇಣು ತೆರೆದಿರಲಿ. ಆದರೆ ಹೊದಿಸುವ ಮೊದಲು ಎರಡೂ ಬಲ್ಬಿನ ಸ್ವಿಚ್ ಆರಿಸಲೇಬೇಕು. ನೀವು ನಿದ್ದೆ ಹೋದ ಹೊತ್ತಿಗೆ ಕರೆಂಟು ಬಂದು, ಗೋಣಿಯಡಿ ಬಲ್ಬು ಹೊತ್ತಿಕೊಂಡರೆ ಮರಿ ಮಾತ್ರವಲ್ಲ, ಮನೆಗೂ ಅಪಾಯ.

ಇದ್ದಿಲ ಕೆಂಡದ ಮಡಕೆ ಇಡುವ ರೂಢಿ ಊರುಗಳಲ್ಲಿದೆ. ತೆರೆದ ಶೆಡ್ಡಿನಲ್ಲಿ ಅದು ನಡೆಯುತ್ತದೆ. ಮನೆಯೊಳಗೆ ಬೇಡ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಮರಿಯ ಜೊತೆ ಮನುಷ್ಯರೂ ಹೋಗುತ್ತಾರೆ.

ಕೆಡುವುದು ಎಲ್ಲಿ

ಮೂರನೇ, ನಾಲ್ಕನೇ ದಿನ ಪ್ರತಿ ಮರಿಯ ಹಿಂಭಾಗ ನೋಡಿ. ಹಿಕ್ಕೆ ಅಂಟಿ ಒಣಗಿ ಗುದದ್ವಾರ ಮುಚ್ಚಿದ್ದರೆ ಎಳೆದು ಕೀಳಬೇಡಿ, ಚರ್ಮ ಕಿತ್ತು ಬರುತ್ತದೆ. ಬೆಚ್ಚನೆ ನೀರಿನಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ಒರೆಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಪೂರ್ತಿ ಒಣಗಿಸಿ ಬಿಡಿ. ಒಂದೆರಡು ಮರಿಗೆ ಹೀಗಾದರೆ ಪ್ರಯಾಣದ ಆಯಾಸ ಇರಬಹುದು. ಹತ್ತಕ್ಕಾದರೆ ನಿಮ್ಮ ಪೆಟ್ಟಿಗೆಯ ಕಾವು ಹೆಚ್ಚು ಅಥವಾ ಕಡಿಮೆಯಿದೆ.

ಹೊಟ್ಟು ಒದ್ದೆಯಾಗುವುದು ಮುಂದಿನ ದೊಡ್ಡ ಶತ್ರು. ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಒದ್ದೆ. ನೀರಿನ ಡಬ್ಬಿಯ ಸುತ್ತಲಿನ ಹೊಟ್ಟನ್ನು ದಿನಾ ತೆಗೆದು ಹೊಸದು ಹಾಕಿ. ಉಳಿದದ್ದನ್ನು ದಿನಕ್ಕೊಮ್ಮೆ ಕೈಯಿಂದ ತಿರುವಿ. ಪೆಟ್ಟಿಗೆಗೆ ಬಗ್ಗಿ ಮರಿಯ ಮಟ್ಟದಲ್ಲಿ ಉಸಿರೆಳೆದಾಗ ಕಣ್ಣು ಚುರ್ ಎಂದರೆ ಅಮೋನಿಯಾ ತುಂಬಿದೆ, ಆ ದಿನವೇ ಹಾಸು ಬದಲಿಸಬೇಕು. ಒದ್ದೆ ಹಾಸಿನಲ್ಲೇ ರಕ್ತಭೇದಿ ಬೆಳೆಯುವುದು. ಹೆಚ್ಚಾಗಿ ಮೂರನೇ ವಾರದಿಂದ ಕಾಣುತ್ತದೆ. ಮರಿ ಗರಿ ಕೆದರಿ ಮುದುಡಿ ನಿಲ್ಲುತ್ತದೆ, ಹಿಕ್ಕೆಯಲ್ಲಿ ರಕ್ತ ಬರುತ್ತದೆ. ಅದೇ ದಿನ ಪಶುವೈದ್ಯರ ಬಳಿ ಹೋಗಿ ಆಂಪ್ರೋಲಿಯಂ ಅಥವಾ ಅವರು ಹೇಳುವ ಔಷಧಿ ನೀರಿನಲ್ಲಿ ಶುರುಮಾಡಿ. ನಾಳೆ ನೋಡೋಣ ಎಂದರೆ ನಾಳೆ ಅರ್ಧ ಮರಿ ಇರುವುದಿಲ್ಲ.

ಒಂದನ್ನೊಂದು ಕುಕ್ಕುವುದು ಶುರುವಾದರೆ ಇಕ್ಕಟ್ಟು, ಸೆಕೆ, ಕಣ್ಣಿಗೆ ಹೊಡೆಯುವ ಬೆಳಕು, ಈ ಮೂರರಲ್ಲಿ ಯಾವುದೆಂದು ಹುಡುಕಿ. ರಕ್ತ ಕಂಡ ಮರಿಯನ್ನು ತಕ್ಷಣ ಬೇರೆ ಮಾಡಿ, ಗಾಯಕ್ಕೆ ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿ. ರಕ್ತದ ಬಣ್ಣ ಕಂಡಷ್ಟೂ ಬೇರೆ ಮರಿಗಳು ಕುಕ್ಕುತ್ತವೆ. ಕೊತ್ತಂಬರಿಯೋ ನುಗ್ಗೆಸೊಪ್ಪೋ ಒಂದು ಕಟ್ಟು ಇಳಿಬಿಟ್ಟರೆ ಕೊಕ್ಕಿಗೆ ಕೆಲಸ ಸಿಗುತ್ತದೆ.

ಲಸಿಕೆ ಮರೆಯಬೇಡಿ. ಮ್ಯಾರೆಕ್ಸ್ ಎಂಬ ವೈರಸ್ ರೋಗಕ್ಕೆ ಮೊದಲ ದಿನದ ಲಸಿಕೆ ಹಾಕಿದ್ದಾರೆಯೇ ಎಂದು ಹ್ಯಾಚರಿಯಲ್ಲೇ ಕೇಳಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟ ಅಥವಾ ಎಫ್-1 ಲಸಿಕೆ 5ರಿಂದ 7ನೇ ದಿನದೊಳಗೆ ಕಣ್ಣಿಗೆ ಒಂದು ಹನಿ, ಗಂಬೋರೊ ಎಂಬ ಇನ್ನೊಂದು ವೈರಸ್ ರೋಗದ ಲಸಿಕೆ ಎರಡನೇ ವಾರದ ಕೊನೆಗೆ, ಲಸೋಟ ಮತ್ತೊಮ್ಮೆ ನಾಲ್ಕನೇ ವಾರಕ್ಕೆ. ದಿನಗಳನ್ನು ನಿಮ್ಮ ಪಶು ಆಸ್ಪತ್ರೆಯ ವೈದ್ಯರ ಜೊತೆ ಖಚಿತಪಡಿಸಿಕೊಳ್ಳಿ. ಬಾಟಲಿ ಸಾಮಾನ್ಯವಾಗಿ 100 ಡೋಸಿಗೆ ಕಡಿಮೆ ಬರುವುದಿಲ್ಲ. ಅಕ್ಕಪಕ್ಕದ ಮನೆಯವರು ಒಟ್ಟಿಗೆ ತಂದು ಒಂದೇ ಬೆಳಗ್ಗೆ ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ. ಐಸ್ ಇಟ್ಟ ಫ್ಲಾಸ್ಕಿನಲ್ಲೇ ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು.

ಪೆಟ್ಟಿಗೆಯಿಂದ ಹೊರಗೆ

ಎರಡು ವಾರ ಕಳೆಯುವ ಹೊತ್ತಿಗೆ ಎಂಟು ಚದರಡಿ ಸಾಲದು. ಅದೇ ಕೋಣೆಯ ನೆಲದಲ್ಲಿ ಒಂದೂವರೆ ಅಡಿ ಎತ್ತರದ ತಗಡು ಅಥವಾ ರಟ್ಟನ್ನು ಐದು ಅಡಿ ಅಡ್ಡಳತೆಯ ವೃತ್ತವಾಗಿ ನಿಲ್ಲಿಸಿ, ಹೊಟ್ಟು ಹಾಸಿ, ಮೇಲೆ ಬಲೆ ಹೊದಿಸಿ. ಅಲ್ಲಿಗೆ ಸುಮಾರು 20 ಚದರಡಿ ಸಿಗುತ್ತದೆ. ಬಲ್ಬಿನ ರೀಪರನ್ನು ಎರಡು ಗಟ್ಟಿ ಕಂಬಕ್ಕೆ ಬಿಗಿದು ಒಂದು ಪಕ್ಕಕ್ಕೆ ನಿಲ್ಲಿಸಿ, ಇಲ್ಲೂ ಒಂದು ಬದಿ ಬಿಸಿ, ಒಂದು ಬದಿ ತಂಪು. ಒಂದು ಇಂಚು ದಪ್ಪದ ಕೋಲನ್ನು ನೆಲದಿಂದ ನಾಲ್ಕು ಇಂಚು ಮೇಲೆ ಕಟ್ಟಿದರೆ ಕೂರುವುದನ್ನು ಕಲಿಯುತ್ತವೆ.

ನಾಲ್ಕನೇ ವಾರದ ಕೊನೆಗೆ ಬೆನ್ನು, ಎದೆ ಎರಡೂ ಗರಿ ಮುಚ್ಚಿದ್ದರೆ ಬಿಸಿಲೇರಿದ ಮೇಲೆ ಅಂಗಳಕ್ಕೆ ಬಿಡಬಹುದು, ಕಾಗೆ, ಹದ್ದಿಗೆ ಕಾವಲಿದ್ದರೆ. ಸಂಜೆ ಒಳಗೆ. ಮೂರು ರಾತ್ರಿ ಬಲ್ಬಿಲ್ಲದೆ ಕಳೆದು, ಬೆಳಗ್ಗೆ ಗುಂಪುಗೂಡದೆ ಚೆದುರಿ ಮಲಗಿದ್ದು ಕಂಡರೆ ಗೂಡಿಗೆ ಸಾಗಿಸಿ. ಮಳೆ ಹಿಡಿದ ವಾರವಾದರೆ ಇನ್ನೊಂದು ವಾರ ತಡೆಯಿರಿ.

ಖಾಲಿಯಾದ ಪೆಟ್ಟಿಗೆಯ ಹೊಟ್ಟನ್ನು ಗೊಬ್ಬರದ ಗುಂಡಿಗೆ ಹಾಕಿ. ಮೂಲೆಯ ರಟ್ಟು ಕಿತ್ತು ಸುಟ್ಟುಬಿಡಿ, ಅದನ್ನು ತೊಳೆಯಲಾಗದು. ಹಲಗೆಗಳನ್ನು ಸೋಪಿನ ನೀರಿನಲ್ಲಿ ಉಜ್ಜಿ, ಒಣಗಿಸಿ, ಒಳಗೆಲ್ಲ ಸುಣ್ಣ ಬಳಿದು ಎರಡು ದಿನ ಬಿಸಿಲಿಗೆ ಒರಗಿಸಿಡಿ. ಮುಂದಿನ ಮರಿ ತರುವ ಮೊದಲು ಹೋಲ್ಡರು ಬಿಚ್ಚಿ ಒಳಗಿನ ತಂತಿ ಕಪ್ಪಾಗಿದೆಯೇ ನೋಡಿ. ಕಪ್ಪಾಗಿದ್ದರೆ ಹೋಲ್ಡರು ಬದಲಿಸಿ, ತಂತಿಯ ಆ ತುದಿಯನ್ನೂ ಕತ್ತರಿಸಿ ಹೊಸದಾಗಿ ಜೋಡಿಸಿ.